ಗೆರೆಯೊಳಗಿನ ಕಾಲುಗಳು

ಶಿರಾಲಿಯ ನಮ್ಮ ಮನೆಯ ಟೀವಿಯಲ್ಲಿ ಬಾಸ್ಕೆಟ್‌ಬಾಲ್ ನೋಡುವಾಗೆಲ್ಲ ನನ್ನ ಕಣ್ಣು ಚೆಂಡಿನ ಹಿಂದೆಯೇ ಓಡುತ್ತಿತ್ತು. "ಆಯಿ, ಚೆಂಡು ನೋಡಬೇಡ, ತಡೆಯುವವಳ ಕಾಲು ನೋಡು" ಎಂದಳು ಮಗಳು.

ನೋಡಿದೆ. ಮೊಣಕಾಲು ಬಗ್ಗಿಸಿ, ಸೊಂಟ ತಗ್ಗಿಸಿ ಅಡ್ಡಡ್ಡಕ್ಕೆ ಸರಿಯುತ್ತಾಳೆ, ನಮ್ಮ ಕಡಲದಂಡೆಯ ಏಡಿಯ ಹಾಗೆ. ಎಡಕ್ಕೆ ಸರಿಯಬೇಕಾದರೆ ಬಲಗಾಲು ನೆಲವನ್ನೊತ್ತಿ ತಳ್ಳುತ್ತದೆ. ಒಂದು ಕಾಲು ಇನ್ನೊಂದನ್ನು ದಾಟುವುದೇ ಇಲ್ಲ. ದಾಟಿದ ಗಳಿಗೆಯಲ್ಲೇ ಎದುರಾಳಿ ದಿಕ್ಕು ಬದಲಿಸಿದಳೋ, ಕೆಟ್ಟಿತು! ಎದುರಾಳಿಯ ಕಣ್ಣು, ಕೈ, ಚೆಂಡು ಎಲ್ಲವೂ ಮೋಸ ಮಾಡಬಹುದು, ಸೊಂಟ ಮಾಡದಂತೆ. ಹಾಗಾಗಿ ಇವಳ ನೋಟ ಅಲ್ಲೇ.

ಈ ಆಟವನ್ನು 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಹುಟ್ಟುಹಾಕಿದವರು ಜೇಮ್ಸ್ ನೈಸ್ಮಿತ್. ಮರುವರ್ಷವೇ ಸ್ಮಿತ್ ಕಾಲೇಜಿನ ಶಿಕ್ಷಕಿ ಸೆಂಡಾ ಬೆರೆನ್ಸನ್ ಹುಡುಗಿಯರಿಗೆ ಕಲಿಸಿದರು. ಆದರೆ ಹೆಣ್ಣುಮಕ್ಕಳು ದಣಿಯಬಾರದಲ್ಲ! ಅಂಗಣವನ್ನು ಮೂರು ಪಾಲು ಮಾಡಿದರು. ತನ್ನ ಪಾಲಿನ ಗೆರೆ ದಾಟುವಂತಿಲ್ಲ, ಇನ್ನೊಬ್ಬಳ ಕೈಯ ಚೆಂಡು ಕಸಿಯುವಂತಿಲ್ಲ. ಮುಂದೆ ಮೂರು ಪಾಲು ಎರಡಾಯಿತು. ಅಯೋವಾ ರಾಜ್ಯದ ಹೈಸ್ಕೂಲುಗಳಲ್ಲಂತೂ 1993ರವರೆಗೆ ಇದು ನಡೆಯಿತು. ಆರು ಹುಡುಗಿಯರಲ್ಲಿ ತಡೆಯುವ ಮೂವರು ನಡುಗೆರೆ ದಾಟುವಂತಿರಲಿಲ್ಲ. ಬುಟ್ಟಿಗೆ ಚೆಂಡು ಹಾಕುವ ಭಾಗ್ಯವೂ ಅವರಿಗಿಲ್ಲ. ಪಾಪ, ಅಡ್ಡಕ್ಕೆ ಸರಿಯುವುದನ್ನು ಅವರಷ್ಟು ಬಲ್ಲವರು ಯಾರಿದ್ದರೋ! ಒಲಿಂಪಿಕ್ಸ್‌ನಲ್ಲಿ ಗಂಡಸರ ಬಾಸ್ಕೆಟ್‌ಬಾಲ್ 1936ರಲ್ಲಿ ಬಂದರೆ ಹೆಂಗಸರದು ಬಂದದ್ದು 1976ರಲ್ಲಿ.

ನನ್ನ ಲಗೋರಿ ಏಳನೇ ಇಯತ್ತೆಗೇ ನಿಂತಿತ್ತು. ದೊಡ್ಡವಳಾದೆ ಎಂದರು, ಅಷ್ಟೆ. ಮೊನ್ನೆ ಮಧ್ಯಾಹ್ನ ಯಾರೂ ಇಲ್ಲದಾಗ ಸೀರೆ ಎತ್ತಿ ಕಟ್ಟಿ ಅಂಗಳದಲ್ಲಿ ಅಡ್ಡಕ್ಕೆ ಸರಿದು ನೋಡಿದೆ. ನಾಲ್ಕನೇ ಹೆಜ್ಜೆಗೇ ಕಾಲಿಗೆ ಕಾಲು ತೊಡರಿತು. ಸಂಜೆ ಮಗಳು ಬಂದ ಮೇಲೆ ಮತ್ತೆ ಕೇಳಿದೆ: "ಸೊಂಟ ಎಷ್ಟು ತಗ್ಗಿಸಬೇಕೇ?"