ಕೈ ಮತ್ತು ಹೆಬ್ಬೆರಳಿನ ಗಾಯಗಳಿಗೆ ಕಾರ್ಮಿಕ ಪರಿಹಾರ

ಕೆಲಸ ಮಾಡುವಾಗ ಕೈಗೆ, ಹೆಬ್ಬೆರಳಿಗೆ ಅಥವಾ ಉಳಿದ ಬೆರಳುಗಳಿಗೆ ಪೆಟ್ಟಾಗಿ ಕಾರ್ಮಿಕರ ಗಳಿಕೆಯ ಸಾಮರ್ಥ್ಯ ಕುಂದಿದರೆ ಮಾಲೀಕರು ಅಥವಾ ವಿಮಾ ನಿಗಮ ಕಾನೂನಿನ ಪ್ರಕಾರ ಕೊಡಬೇಕಾದ ಹಣವೇ ಈ ಪರಿಹಾರ. ಭಾರತದಲ್ಲಿ ಇದಕ್ಕೆ ಅಡಿಪಾಯ ಹಾಕಿದ್ದು 1923ರ ಕಾರ್ಮಿಕ ಪರಿಹಾರ ಕಾಯಿದೆ. ಯಾವ ಬೆರಳು ಎಲ್ಲಿಯವರೆಗೆ ಹೋದರೆ ಗಳಿಕೆಯ ಸಾಮರ್ಥ್ಯ ಶೇಕಡ ಎಷ್ಟು ಹೋಯಿತೆಂದು ಎಣಿಸಬೇಕು ಎಂಬುದನ್ನು ಈ ಕಾಯಿದೆಯ ಮೊದಲನೆಯ ಅನುಸೂಚಿ ಪಟ್ಟಿ ಮಾಡಿ ಹೇಳಿತು. ಪಟ್ಟಿಯ ಅಂಕಿಗೂ ಗಾಯಾಳುವಿನ ನಿಜವಾದ ಕಸುಬಿಗೂ ಹೊಂದಾಣಿಕೆ ಇದೆಯೇ ಎಂಬ ಪ್ರಶ್ನೆ ಈ ಕಾನೂನಿನ ಇತಿಹಾಸದುದ್ದಕ್ಕೂ ಬಂದಿದೆ.

ಹಿನ್ನೆಲೆ

ಅಂಗಕ್ಕೆ ಬೆಲೆ ಕಟ್ಟುವ ಪದ್ಧತಿ ಕಾರ್ಖಾನೆಗಳಿಗಿಂತ ಬಹಳ ಹಳೆಯದು. ಏಳನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತವನ್ನು ಆಳುತ್ತಿದ್ದ ಏಥೆಲ್‌ಬರ್ಟ್ ದೊರೆಯ ಶಾಸನ, ಇನ್ನೊಬ್ಬನ ಹೆಬ್ಬೆರಳು ಕತ್ತರಿಸಿದವನು 20 ಷಿಲ್ಲಿಂಗ್ ತೆರಬೇಕೆಂದು ವಿಧಿಸಿತ್ತು. 17ನೆಯ ಶತಮಾನದ ಕೆರಿಬಿಯನ್ ಕಡಲ್ಗಳ್ಳರು ಯಾನಕ್ಕೆ ಹೊರಡುವ ಮುನ್ನ ಮಾಡಿಕೊಳ್ಳುತ್ತಿದ್ದ ಕರಾರಿನಲ್ಲಿ ಬಲಗೈಗೆ 600, ಎಡಗೈಗೆ 500, ಒಂದು ಬೆರಳಿಗೆ 100 ಬೆಳ್ಳಿ ನಾಣ್ಯಗಳೆಂದು ದರ ನಿಗದಿಯಾಗಿರುತ್ತಿತ್ತು. ಅವರೊಡನೆ ಇದ್ದ ವೈದ್ಯ ಎಕ್ಸ್‌ಕ್ವೆಮೆಲಿನ್ 1678ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ದರಗಳು ದಾಖಲಾಗಿವೆ.

ಉಗಿಯಂತ್ರಗಳ ಕಾಲದಲ್ಲಿ ಕಾರ್ಮಿಕರ ಸ್ಥಿತಿ ಇದಕ್ಕಿಂತ ಕೆಟ್ಟದಾಗಿತ್ತು. ಇಂಗ್ಲೆಂಡಿನಲ್ಲಿ ಗಾಯಾಳು ಪರಿಹಾರ ಬೇಕೆಂದರೆ ಮಾಲೀಕನ ತಪ್ಪನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕಿತ್ತು. ಅಪಘಾತಕ್ಕೆ ಸಹ ಕಾರ್ಮಿಕ ಕಾರಣ, ಅಪಾಯ ಗೊತ್ತಿದ್ದೇ ಕೆಲಸಕ್ಕೆ ಸೇರಿದ್ದಾನೆ, ಗಾಯಾಳುವಿನ ಅಜಾಗ್ರತೆಯೂ ಸೇರಿದೆ ಎಂಬ ಮೂರು ವಾದಗಳಲ್ಲಿ ಯಾವುದಾದರೂ ಒಂದನ್ನು ಮುಂದಿಟ್ಟು ಮಾಲೀಕ ಪಾರಾಗುತ್ತಿದ್ದ. ಈ ಗಂಟನ್ನು ಮೊದಲು ಬಿಡಿಸಿದ ದೇಶ ಜರ್ಮನಿ. ಬಿಸ್ಮಾರ್ಕ್ ಚಾನ್ಸಲರ್ ಆಗಿದ್ದಾಗ 1884ರಲ್ಲಿ ಬಂದ ಅಪಘಾತ ವಿಮಾ ಕಾನೂನು, ತಪ್ಪು ಯಾರದೆಂದು ಕೇಳದೆ ಮಾಲೀಕರ ವಂತಿಗೆಯಿಂದ ಪಿಂಚಣಿ ಕೊಡುವ ವ್ಯವಸ್ಥೆ ಮಾಡಿತು. ಪೂರ್ಣ ಅಶಕ್ತತೆಗೆ ವೇತನದ ಮೂರರಲ್ಲಿ ಎರಡು ಪಾಲು, ಭಾಗಶಃ ಅಶಕ್ತತೆಗೆ ಅದರಲ್ಲಿ ಒಂದಂಶ ಸಿಗುತ್ತಿತ್ತು. ಬ್ರಿಟನ್ 1897ರಲ್ಲಿ ತಪ್ಪಿನ ಪ್ರಶ್ನೆಯನ್ನು ಬದಿಗಿಟ್ಟು ತನ್ನದೇ ಪರಿಹಾರ ಕಾಯಿದೆ ತಂದಿತು. ರೈಲ್ವೆ, ಗಣಿ, ಕಾರ್ಖಾನೆಗಳಂಥ ಕೆಲವು ಉದ್ಯೋಗಗಳಿಗಷ್ಟೇ ಸೀಮಿತವಾಗಿದ್ದ ಅದನ್ನು 1906ರಲ್ಲಿ ವಿಸ್ತರಿಸಲಾಯಿತು.

ಭಾರತದಲ್ಲಿ ಬೇಡಿಕೆ ಮತ್ತು 1923ರ ಕಾಯಿದೆ

ಭಾರತದಲ್ಲಿ ಈ ಬೇಡಿಕೆ ಮೊದಲು ಸ್ಪಷ್ಟವಾಗಿ ಕೇಳಿಬಂದದ್ದು ಮುಂಬಯಿಯ ಹತ್ತಿ ಗಿರಣಿಗಳಲ್ಲಿ. ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಗಿರಣಿ ಕಾರ್ಮಿಕರ ಸಭೆ ಸೇರಿಸಿ ಸಿದ್ಧಪಡಿಸಿದ ಮನವಿಗೆ ಸುಮಾರು 5,500 ಮಂದಿ ಸಹಿ ಹಾಕಿದ್ದರು. ಭಾನುವಾರದ ರಜೆ, ಮಧ್ಯಾಹ್ನದ ಬಿಡುವುಗಳ ಜೊತೆಗೆ, ಕೆಲಸದಲ್ಲಿ ಗಾಯಗೊಂಡವರಿಗೆ ಗುಣವಾಗುವವರೆಗೆ ಪೂರ್ತಿ ವೇತನ ಕೊಡಬೇಕು, ಅಂಗಹೀನರಾದವರ ಜೀವನಕ್ಕೆ ದಾರಿ ಮಾಡಬೇಕು ಎಂಬುದೂ ಅದರಲ್ಲಿತ್ತು. ಇದು ಕಾನೂನಿನ ರೂಪ ಪಡೆಯಲು ನಾಲ್ಕು ದಶಕ ಹಿಡಿಯಿತು. 1923ರ ಮಾರ್ಚಿನಲ್ಲಿ ಅಂಗೀಕಾರವಾದ ಕಾರ್ಮಿಕ ಪರಿಹಾರ ಕಾಯಿದೆ 1924ರ ಜುಲೈ 1ರಂದು ಜಾರಿಗೆ ಬಂತು.

ಕೆಲಸದ ಕಾರಣದಿಂದ ಮತ್ತು ಕೆಲಸದ ಅವಧಿಯಲ್ಲಿ ಅಪಘಾತ ಸಂಭವಿಸಿದ್ದರೆ ಸಾಕು, ಮಾಲೀಕರ ತಪ್ಪನ್ನು ತೋರಿಸಬೇಕಿಲ್ಲ ಎಂಬುದು ಈ ಕಾಯಿದೆಯ ಮೂಲ ತತ್ತ್ವ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವಂತೆ ಕಾರ್ಮಿಕರಿಂದ ಬರೆಸಿಕೊಂಡ ಯಾವುದೇ ಕರಾರು ಊರ್ಜಿತವಲ್ಲ. ಗುತ್ತಿಗೆದಾರನ ಆಳಿಗೆ ಗಾಯವಾದರೆ ಕೆಲಸ ಕೊಟ್ಟ ಮೂಲ ಸಂಸ್ಥೆಯೂ ಹೊಣೆ ಹೊರಬೇಕು. ಆರಂಭದಲ್ಲಿ ಶಾಶ್ವತ ಪೂರ್ಣ ಅಶಕ್ತತೆಗೆ 42 ತಿಂಗಳ ವೇತನ ಅಥವಾ 3,500 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಸಲ್ಲುತ್ತಿತ್ತು. ಭಾಗಶಃ ಅಶಕ್ತತೆಗೆ ಆ ಮೊತ್ತದಲ್ಲಿ ಪಟ್ಟಿಯ ಶೇಕಡಾವಾರಿನಷ್ಟು ಸಿಗುತ್ತಿತ್ತು.

ಆ ಮೊದಲ ಪಟ್ಟಿ ಚಿಕ್ಕದಾಗಿತ್ತು. ಬಲಗೈ ಮೊಣಕೈಯಲ್ಲಿ ಅಥವಾ ಅದರ ಮೇಲೆ ತುಂಡಾದರೆ ಶೇ. 70, ಎಡಗೈಯಾದರೆ ಶೇ. 60, ಮೊಣಕೈ ಕೆಳಗೆ ಕ್ರಮವಾಗಿ 60 ಮತ್ತು 50. ಹೆಬ್ಬೆರಳಿಗೆ 25, ಅದರ ಒಂದು ಗಿಣ್ಣಿಗೆ 10, ತೋರುಬೆರಳಿಗೆ 10, ಉಳಿದ ಯಾವುದೇ ಬೆರಳಿಗೆ 5. ಎಡಗೈಯನ್ನೇ ಮುಖ್ಯವಾಗಿ ಬಳಸುವವರು ಇದ್ದಾರೆಂಬುದು ಈ ಲೆಕ್ಕದಲ್ಲಿ ಬಂದಿರಲಿಲ್ಲ.

1962ರ ಪಟ್ಟಿ

1962ರ ತಿದ್ದುಪಡಿ ಹಳೆಯ ಅನುಸೂಚಿಯನ್ನು ತೆಗೆದು ವಿವರವಾದ ಹೊಸದನ್ನು ತಂದಿತು. ಬಲಗೈ, ಎಡಗೈ ಎಂಬ ಭೇದ ಹೋಯಿತು. ಎರಡೂ ಕೈ ಹೋದರೆ ಶೇ. 100, ಭುಜದ ಕೀಲಿನಲ್ಲೇ ತೋಳು ಹೋದರೆ 90, ಒಂದು ಹಸ್ತ, ಅಥವಾ ಒಂದು ಕೈಯ ಹೆಬ್ಬೆರಳು ಸೇರಿ ಐದೂ ಬೆರಳು ಹೋದರೆ 60. ಹೆಬ್ಬೆರಳಿಗೆ 30, ಅದರ ಬುಡದ ಅಂಗೈ ಮೂಳೆಯೂ ಸೇರಿ ಹೋದರೆ 40, ತುದಿಯ ಗಿಣ್ಣು ಮಾತ್ರವಾದರೆ 20. ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರಬೆರಳಿಗೆ ಅಥವಾ ಕಿರುಬೆರಳಿಗೆ 7. ಮೂಳೆಗೆ ತಾಗದೆ ಬೆರಳ ತುದಿ ಮಾತ್ರ ಕತ್ತರಿಸಿಹೋದರೆ ತೋರುಬೆರಳಿಗೆ 5, ನಡುಬೆರಳಿಗೆ 4, ಕೊನೆಯ ಎರಡು ಬೆರಳುಗಳಿಗೆ 2.

ಈ ಅಂಕಿಗಳು ಬ್ರಿಟನ್ನಿನ ಕೈಗಾರಿಕಾ ಗಾಯಗಳ ವಿಮಾ ನಿಯಮಗಳಲ್ಲಿರುವ ಅಂಕಿಗಳೇ. ಅಳತೆಗಳಲ್ಲಿ ಅದರ ಗುರುತು ಉಳಿದಿದೆ. ತೋಳು ಎಲ್ಲಿ ತುಂಡಾಗಿದೆ ಎಂದು ನಿರ್ಧರಿಸಲು ಭಾರತದ ಪಟ್ಟಿ 20.32 ಸೆಂಟಿಮೀಟರ್, 11.43 ಸೆಂಟಿಮೀಟರ್ ಎಂಬ ಗಡಿಗಳನ್ನು ಇಟ್ಟಿದೆ. ಇವು ಕರಾರುವಾಕ್ಕಾಗಿ 8 ಇಂಚು ಮತ್ತು ನಾಲ್ಕೂವರೆ ಇಂಚು.

ಪಟ್ಟಿಯ ಬಿಡಿ ಅಂಕಿಗಳನ್ನು ಕೂಡಿದರೆ ಅದರದೇ ಒಟ್ಟಿಗೆ ತಾಳೆಯಾಗುವುದಿಲ್ಲ. ಉಂಗುರಬೆರಳು, ಕಿರುಬೆರಳು ಸೇರಿ 14 ಆಗಬೇಕು, ಆದರೆ ಎರಡು ಬೆರಳುಗಳ ನಷ್ಟಕ್ಕೆ ಪಟ್ಟಿಯಲ್ಲಿ 20 ಇದೆ. ನಾಲ್ಕೂ ಬೆರಳಿನ ಬಿಡಿ ಅಂಕಿಗಳ ಮೊತ್ತ 40, ಪಟ್ಟಿಯಲ್ಲಿರುವುದು 50. ನಾಲ್ಕು ಬೆರಳಿನ 50ಕ್ಕೆ ಹೆಬ್ಬೆರಳಿನ 30 ಸೇರಿದರೆ 80 ಆಗಬೇಕು, ಇಡೀ ಹಸ್ತಕ್ಕೇ ಇರುವುದು 60. ಪಟ್ಟಿ ಬೆರಳುಗಳನ್ನು ಬಿಡಿಯಾಗಿ ತೂಗದೆ ಉಳಿದ ಕೈಯ ಹಿಡಿತ ಎಷ್ಟೆಂಬುದನ್ನು ಅಂದಾಜು ಮಾಡುತ್ತದೆ ಎಂದು ಇದನ್ನು ಅರ್ಥಮಾಡಿಕೊಳ್ಳಬಹುದು. ಹೆಬ್ಬೆರಳಿಗೆ ಹೆಚ್ಚು ಅಂಕಿ ಇರುವುದಕ್ಕೂ ಕಾರಣ ಇದೇ: ಅದು ಉಳಿದ ನಾಲ್ಕು ಬೆರಳುಗಳಿಗೆ ಎದುರಾಗಿ ನಿಲ್ಲದಿದ್ದರೆ ಸುತ್ತಿಗೆ ಹಿಡಿಯುವುದು, ಸೂಜಿಗೆ ದಾರ ಪೋಣಿಸುವುದು, ತಿರುಪು ಬಿಗಿಯುವುದು ಯಾವುದೂ ಸರಿಯಾಗಿ ಆಗದು. ಅಂಗ ತುಂಡಾಗದಿದ್ದರೂ ಅದರ ಬಳಕೆ ಪೂರ್ತಿಯಾಗಿ, ಶಾಶ್ವತವಾಗಿ ನಿಂತುಹೋದರೆ ಅಂಗವೇ ಹೋದಂತೆ ಎಣಿಸಬೇಕೆಂಬ ಟಿಪ್ಪಣಿ ಅನುಸೂಚಿಯಲ್ಲಿದೆ. ಹೀಗಾಗಿ ನರ ಸತ್ತು ಮರಗಟ್ಟಿದ ಹೆಬ್ಬೆರಳಿಗೂ ಶೇ. 30 ಸಲ್ಲಬಹುದು.

ಲೆಕ್ಕ ಹಾಕುವ ಬಗೆ

1984ರ ತಿದ್ದುಪಡಿ ವೇತನ ಮತ್ತು ವಯಸ್ಸನ್ನು ಆಧರಿಸಿದ ಸೂತ್ರ ತಂದಿತು. ಶಾಶ್ವತ ಪೂರ್ಣ ಅಶಕ್ತತೆಗೆ ತಿಂಗಳ ವೇತನದ ಶೇ. 50ನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕಿತ್ತು. 1995ರಲ್ಲಿ ಅದು ಶೇ. 60 ಆಯಿತು. ಗುಣಕ 25ನೆಯ ವಯಸ್ಸಿಗೆ 216.91, 30ಕ್ಕೆ 207.98, 40ಕ್ಕೆ 184.17, ವಯಸ್ಸು ಏರಿದಂತೆ ಇಳಿಯುತ್ತದೆ. ಲೆಕ್ಕಕ್ಕೆ ಹಿಡಿಯಬಹುದಾದ ಗರಿಷ್ಠ ವೇತನ 2010ರಲ್ಲಿ 4,000ದಿಂದ 8,000 ರೂಪಾಯಿಗೆ, 2020ರ ಜನವರಿಯಲ್ಲಿ 15,000ಕ್ಕೆ ಏರಿತು.

ತಿಂಗಳಿಗೆ 15,000 ರೂಪಾಯಿ ದುಡಿಯುವ 30 ವರ್ಷದ ಕಾರ್ಮಿಕರೊಬ್ಬರು ಹೆಬ್ಬೆರಳು ಕಳೆದುಕೊಂಡರೆ ವೇತನದ ಶೇ. 60 ಎಂದರೆ 9,000 ರೂಪಾಯಿ. ಅದನ್ನು 207.98ರಿಂದ ಗುಣಿಸಿದರೆ 18,71,820, ಅದರ ಶೇ. 30 ಎಂದರೆ 5,61,546 ರೂಪಾಯಿ. ಅದೇ ಕಾರ್ಮಿಕರ ತೋರುಬೆರಳಿನ ತುದಿ ಮಾತ್ರ, ಮೂಳೆಗೆ ತಾಗದೆ ಹೋಗಿದ್ದರೆ ಶೇ. 5ರಂತೆ 93,591 ರೂಪಾಯಿ. ಗಾಯ ಮಾಯುವವರೆಗಿನ ತಾತ್ಕಾಲಿಕ ಅಶಕ್ತತೆಗೆ ತಿಂಗಳ ವೇತನದ ಶೇ. 25ರಷ್ಟನ್ನು ಹದಿನೈದು ದಿನಕ್ಕೊಮ್ಮೆ ಕೊಡಬೇಕು. 2009ರ ತಿದ್ದುಪಡಿ ಕಾಯಿದೆಯ ಹೆಸರನ್ನು ಉದ್ಯೋಗಿಗಳ ಪರಿಹಾರ ಕಾಯಿದೆ ಎಂದು ಬದಲಿಸಿತು, ಚಿಕಿತ್ಸೆಯ ನಿಜವಾದ ವೆಚ್ಚವನ್ನೂ ಮಾಲೀಕರೇ ಭರಿಸಬೇಕೆಂದಿತು. ಪರಿಹಾರ ಸಲ್ಲಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ ಸೇರುತ್ತದೆ; ತಡಕ್ಕೆ ಸಕಾರಣವಿಲ್ಲದಿದ್ದರೆ ಶೇ. 50ರವರೆಗೆ ದಂಡವನ್ನೂ ವಿಧಿಸಬಹುದು.

ಇ.ಎಸ್.ಐ. ವ್ಯವಸ್ಥೆ

1948ರ ಕಾರ್ಮಿಕರ ರಾಜ್ಯ ವಿಮಾ (ಇ.ಎಸ್.ಐ.) ಕಾಯಿದೆಯ ಯೋಜನೆ 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭವಾಯಿತು. 1958ರಲ್ಲಿ ಬೆಂಗಳೂರಿಗೆ ಬಂತು. ಈ ವಿಮೆಗೆ ಒಳಪಟ್ಟವರು ಅದೇ ಗಾಯಕ್ಕೆ ಪರಿಹಾರ ಕಾಯಿದೆಯಡಿ ಬೇಡಿಕೆ ಇಡುವಂತಿರಲಿಲ್ಲ. ಇಲ್ಲಿ ಇಡಿಗಂಟಿನ ಹಣದ ಬದಲು ಜೀವಮಾನವಿಡೀ ಮಾಸಿಕ ಸೌಲಭ್ಯ ಸಿಗುತ್ತದೆ. ಅಶಕ್ತತೆಯ ಪೂರ್ಣ ದರ ದಿನದ ಸರಾಸರಿ ವೇತನದ ಶೇ. 90. ದಿನಕ್ಕೆ 500 ರೂಪಾಯಿ ವೇತನವಿದ್ದು ಹೆಬ್ಬೆರಳು ಹೋದವರಿಗೆ 450ರ ಶೇ. 30, ಅಂದರೆ ದಿನಕ್ಕೆ 135 ರೂಪಾಯಿ. ಮತ್ತೆ ಕೆಲಸಕ್ಕೆ ಸೇರಿ ಪೂರ್ತಿ ಸಂಬಳ ಪಡೆದರೂ ಇದು ನಿಲ್ಲುವುದಿಲ್ಲ. ಶೇಕಡಾವಾರನ್ನು ವೈದ್ಯಕೀಯ ಮಂಡಳಿ ನಿರ್ಧರಿಸುತ್ತದೆ; ಅದಕ್ಕೆ ಒಪ್ಪದವರು ಮೇಲ್ಮನವಿ ಸಲ್ಲಿಸಬಹುದು.

ಯಂತ್ರ, ಗಾರ್ಡ್ ಮತ್ತು ಹೊಣೆ

ಕೈಗಾಯಗಳಿಗೆ ಹೆಸರಾದ ಯಂತ್ರ ಪವರ್ ಪ್ರೆಸ್. ಕೆಳಗಿನ ಡೈ ಮೇಲೆ ತಗಡನ್ನು ಕೈಯಿಂದ ಇಟ್ಟು, ಪೆಡಲ್ ತುಳಿದರೆ ಮೇಲಿನ ಡೈ ಬಂದು ಬಡಿಯುತ್ತದೆ. ಕೈ ಹಿಂದೆ ಬರುವ ಮೊದಲೇ ಪೆಡಲ್ ಒತ್ತಿದರೆ, ಅಥವಾ ಕ್ಲಚ್ ಕೆಟ್ಟು ಯಂತ್ರ ತಾನಾಗಿ ಎರಡನೆಯ ಬಾರಿ ಇಳಿದರೆ ಬೆರಳು ಜಜ್ಜಿಹೋಗುತ್ತದೆ. ಎರಡು ಗುಂಡಿಗಳನ್ನು ಎರಡೂ ಕೈಯಿಂದ ಒಟ್ಟಿಗೆ ಒತ್ತಿದರಷ್ಟೇ ಚಲಿಸುವ ವ್ಯವಸ್ಥೆ, ಬೆಳಕಿನ ಕಿರಣ ಕಡಿದರೆ ನಿಲ್ಲುವ ಸೆನ್ಸರ್, ಜಾಲರಿ ಗಾರ್ಡ್ ಇವು ಬೆರಳನ್ನು ಉಳಿಸುವ ಸಾಧನಗಳು. ಅಪಾಯಕಾರಿ ಯಂತ್ರಭಾಗಗಳಿಗೆ ಗಟ್ಟಿಯಾದ ತಡೆ ಇರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆ ಕಡ್ಡಾಯ ಮಾಡಿತು. ಹೊಲದ ಒಕ್ಕಣೆ ಯಂತ್ರಗಳಿಗೆ ಕೈ ಸಿಕ್ಕಿ ಹೋಗುತ್ತಿದ್ದುದನ್ನು ತಡೆಯಲು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆ ಬಂತು; ಗಾಯಾಳುಗಳ ಪರಿಹಾರವೂ ಅದರ ಉದ್ದೇಶಗಳಲ್ಲಿ ಒಂದು.

ಗಾರ್ಡ್ ಪ್ರಶ್ನೆ ಪರಿಹಾರದ ಮೊಕದ್ದಮೆಯಲ್ಲೂ ಬರುತ್ತದೆ. ಕಾರ್ಮಿಕರು ಮದ್ಯದ ಅಮಲಿನಲ್ಲಿದ್ದರು, ಸುರಕ್ಷತಾ ಆದೇಶವನ್ನು ಬೇಕೆಂದೇ ಮೀರಿದರು, ಅಥವಾ ಗಾರ್ಡನ್ನು ಗೊತ್ತಿದ್ದೂ ತೆಗೆದುಹಾಕಿದರು, ಅಪಘಾತಕ್ಕೆ ಅದೇ ನೇರ ಕಾರಣ ಎಂದು ಸಾಬೀತಾದರೆ 1923ರ ಕಾಯಿದೆಯಡಿ ಮಾಲೀಕರ ಹೊಣೆ ತಪ್ಪುತ್ತಿತ್ತು. ಸಾವು ಅಥವಾ ಶಾಶ್ವತ ಪೂರ್ಣ ಅಶಕ್ತತೆಯಾಗಿದ್ದರೆ ಈ ವಾದ ನಡೆಯದು. ಬೆರಳು ಹೋಗುವುದು ಸಾಮಾನ್ಯವಾಗಿ ಭಾಗಶಃ ಅಶಕ್ತತೆ ಎನಿಸಿಕೊಳ್ಳುವುದರಿಂದ ಕೈಗಾಯದ ಪ್ರಕರಣಗಳಲ್ಲೇ ಈ ವಾದಕ್ಕೆ ಹೆಚ್ಚು ಅವಕಾಶ. ಇ.ಎಸ್.ಐ. ಕಾಯಿದೆ ಇದಕ್ಕಿಂತ ಉದಾರವಾಗಿತ್ತು: ನಿಯಮ ಮೀರಿ ಮಾಡಿದ ಕೆಲಸವೂ ಮಾಲೀಕರ ವ್ಯವಹಾರದ ಸಲುವಾಗಿ ನಡೆದಿದ್ದರೆ ಗಾಯ ಉದ್ಯೋಗದ್ದೇ ಎನಿಸುತ್ತಿತ್ತು.

ಪಟ್ಟಿ ಮತ್ತು ಕಸುಬು

ಪಟ್ಟಿಯ ಅಂಕಿಯೇ ಕೊನೆಯ ಮಾತಲ್ಲ ಎಂದು ಸಾರಿದ ಮುಖ್ಯ ತೀರ್ಪು 1975ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ಬಂತು. ಒಡಿಶಾದಲ್ಲಿ 1968ರಲ್ಲಿ ಚಿತ್ರಮಂದಿರವೊಂದರ ಅಲಂಕಾರದ ಕೆಲಸದಲ್ಲಿ ಬಿದ್ದ ಬಡಗಿಯೊಬ್ಬರ ಎಡಗೈಯನ್ನು ಮೊಣಕೈ ಮೇಲೆ ಕತ್ತರಿಸಬೇಕಾಯಿತು. ಇದು ಭಾಗಶಃ ಅಶಕ್ತತೆ ಎಂದು ಮಾಲೀಕರು ವಾದಿಸಿದರು. ಒಂದೇ ಕೈಯಿಂದ ಬಡಗಿ ಕೆಲಸ ಸಾಧ್ಯವಿಲ್ಲ, ಆದ್ದರಿಂದ ಗಳಿಕೆಯ ನಷ್ಟ ಶೇ. 100 ಎಂಬ ಕಾರ್ಮಿಕ ಪರಿಹಾರ ಆಯುಕ್ತರ ನಿರ್ಣಯವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಪರಿಹಾರದ ಹೊಣೆ ಆದೇಶ ಬಂದ ದಿನದಿಂದಲ್ಲ, ಗಾಯವಾದ ದಿನದಿಂದಲೇ ಹುಟ್ಟುತ್ತದೆ ಎಂದೂ ಹೇಳಿತು. ಅಂದಿನಿಂದ ದೈಹಿಕ ನಷ್ಟದ ಶೇಕಡಾವಾರು ಬೇರೆ, ಗಳಿಕೆಯ ನಷ್ಟದ ಶೇಕಡಾವಾರು ಬೇರೆ ಎಂಬ ವಾದ ಬಲಗೊಂಡಿತು. ಹೆಬ್ಬೆರಳು ಹೋದ ಕಾವಲುಗಾರರಿಗೂ ಹೆಬ್ಬೆರಳು ಹೋದ ದರ್ಜಿಗೂ ಪಟ್ಟಿಯಲ್ಲಿ ಒಂದೇ ಅಂಕಿ. ಕಸುಬಿನ ಮೇಲಾಗುವ ಪರಿಣಾಮ ಒಂದೇ ಅಲ್ಲ.

ಶಸ್ತ್ರಚಿಕಿತ್ಸೆಯ ಮುನ್ನಡೆಯೂ ಪಟ್ಟಿಗೆ ಪ್ರಶ್ನೆ ಒಡ್ಡಿದೆ. ಪೂರ್ತಿ ತುಂಡಾದ ಹೆಬ್ಬೆರಳನ್ನು ರಕ್ತನಾಳ ಸಮೇತ ಮರುಜೋಡಿಸುವುದರಲ್ಲಿ ಜಪಾನಿನ ಕೊಮಾತ್ಸು ಮತ್ತು ತಮಾಯ್ 1965ರಲ್ಲಿ ಮೊದಲು ಯಶಸ್ವಿಯಾದರು. ಮರುಜೋಡಿಸಿದ ಬೆರಳು ಪಟ್ಟಿಯ ಪ್ರಕಾರ ಹೋದ ಬೆರಳಲ್ಲ, ಆದರೆ ಮೊದಲಿನಂತೆ ಮಡಚುವುದೂ ಇಲ್ಲ. ಇಂಥ ಗಾಯಗಳಲ್ಲಿ ಅರ್ಹ ವೈದ್ಯರು ಗಳಿಕೆಯ ನಷ್ಟವನ್ನು ಅಂದಾಜು ಮಾಡಿ ಕೊಡುವ ಪ್ರಮಾಣಪತ್ರವೇ ಆಧಾರ.

ಇತ್ತೀಚಿನ ಬದಲಾವಣೆ

ಪರಿಹಾರ ಕಾಯಿದೆ ಮತ್ತು ಇ.ಎಸ್.ಐ. ಕಾಯಿದೆ ಎರಡನ್ನೂ ಒಳಗೊಂಡ ಸಾಮಾಜಿಕ ಭದ್ರತಾ ಸಂಹಿತೆಯನ್ನು ಸಂಸತ್ತು 2020ರಲ್ಲಿ ಅಂಗೀಕರಿಸಿತು. ಅದು 2025ರ ನವೆಂಬರ್ 21ರಂದು ಜಾರಿಗೆ ಬಂತು. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವನ್ನೂ, ಕೆಲಸದೊಂದಿಗೆ ಅದರ ಸಂಬಂಧ ಸ್ಪಷ್ಟವಾದರೆ, ಉದ್ಯೋಗದ ಅಪಘಾತವೆಂದು ಎಣಿಸಲು ಸಂಹಿತೆ ಅವಕಾಶ ಕೊಟ್ಟಿದೆ. ಗಾಯಗಳ ಪಟ್ಟಿ ಮಾತ್ರ ಹಳೆಯದೇ. 1923ರಲ್ಲಿ ಶೇ. 25 ಇದ್ದ ಹೆಬ್ಬೆರಳಿನ ಅಂಕಿ 1962ರಲ್ಲಿ 30 ಆಗಿ ಅಲ್ಲಿಗೇ ನಿಂತಿದೆ. ಅರುವತ್ತು ವರ್ಷಗಳಲ್ಲಿ ಪರಿಹಾರದ ಮೊತ್ತ ಏರಿದ್ದು ವೇತನದ ಮಿತಿ, ಸೂತ್ರ ಮತ್ತು ಗುಣಕಗಳು ಬದಲಾದುದರಿಂದಲೇ ಹೊರತು ಬೆರಳಿನ ಬೆಲೆಯನ್ನು ಮರುಪರಿಶೀಲಿಸಿದ್ದರಿಂದಲ್ಲ.