ಒಳನಾಡು ವಲಸೆ: ಬೇಲೂರು ಕಾಫಿ ಸೀಮೆಯ ನಿದರ್ಶನ

ಒಂದೇ ದೇಶದೊಳಗೆ ಜನ ನೆಲೆ ಬದಲಿಸುವುದು ಒಳನಾಡು ವಲಸೆ. 2011ರ ಜನಗಣತಿಯಂತೆ ಭಾರತದಲ್ಲಿ ಇಂಥವರು ಸುಮಾರು 45 ಕೋಟಿ. ಮದುವೆಯಾಗಿ ಗಂಡನ ಊರು ಸೇರಿದ ಹೆಣ್ಣುಮಕ್ಕಳದೇ ದೊಡ್ಡ ಪಾಲು. ಮಿಕ್ಕವರದ್ದೆಲ್ಲ ಬಡತನದ ವಲಸೆ ಎಂದು ಹೇಳಿ ಮುಗಿಸುವುದುಂಟು. ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ ಕಡೆ ಆ ಮಾತು ಸಾಲದು. ಇಲ್ಲಿಯ ಹುಡುಗರು ಕೆಲಸ ಹುಡುಕಿ ಬೆಂಗಳೂರಿಗೆ ಹೋಗುತ್ತಾರೆ. ಇಲ್ಲಿಯ ತೋಟಗಳಿಗೆ ಕೆಲಸ ಹುಡುಕಿ ಅಸ್ಸಾಮಿನವರು ಬರುತ್ತಾರೆ.

ಬೆಂಗಳೂರಿನ ಸೆಳೆತ ಐಟಿಯಿಂದ ಶುರುವಾದದ್ದಲ್ಲ. 1940ರಲ್ಲಿ ಎಚ್‌ಎಎಲ್, ಸ್ವಾತಂತ್ರ್ಯ ಬಂದ ಮೇಲೆ ಐಟಿಐ, ಎಚ್‌ಎಂಟಿ, ಬಿಇಎಲ್ ಎಂದು ಒಂದೊಂದಾಗಿ ಕಾರ್ಖಾನೆಗಳೆದ್ದವು. 1956ರಲ್ಲಿ ರಾಜ್ಯ ಒಂದಾದಾಗ ಕಚೇರಿಗಳೂ ಅಲ್ಲೇ ಬೆಳೆದವು. ತಿಂಗಳ ಸಂಬಳ ಹಳ್ಳಿಯವರ ಕಣ್ಣಿಗೆ ಬಿದ್ದದ್ದು ಆಗಲೇ.

ಕೆಲವರಿಗೆ ಹೋಗುವುದೋ ಬಿಡುವುದೋ ಎಂಬ ಪ್ರಶ್ನೆಯೇ ಇರಲಿಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಊರೂರೇ ಜಾಗ ಖಾಲಿ ಮಾಡಿದವು; ಮಳೆಗಾಲದಲ್ಲಿ ನೀರಿನ ನಡುವೆ ನಿಲ್ಲುವ ಶೆಟ್ಟಿಹಳ್ಳಿಯ ಪಾಳು ಚರ್ಚು ಅದರ ಕುರುಹು.

1974ರಲ್ಲಿ ದೇವರಾಜ ಅರಸರ ಸರ್ಕಾರ ತಂದ ಭೂ ಸುಧಾರಣಾ ತಿದ್ದುಪಡಿ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ನೆಲ ಸಿಕ್ಕವರು ನಿಂತರು. ಆದರೆ ಮಕ್ಕಳ ಕಾಲಕ್ಕೆ ಪಾಲಾಗಿ ಉಳಿದ ತುಂಡು ಜಮೀನು ಓದಿದ ಹುಡುಗನನ್ನು ಹಿಡಿದು ನಿಲ್ಲಿಸಲಿಲ್ಲ.

ಕಾಫಿಯದು ಇನ್ನೊಂದು ದಾರಿ. 1942ರ ಕಾಯ್ದೆಯಡಿ ಬೆಳೆಯನ್ನೆಲ್ಲ ಎಲ್ಲರ ಕಾಫಿ ಒಟ್ಟುಗೂಡಿಸಿ ಮಾರುವ ಕಾಫಿ ಮಂಡಳಿಯ ಪೂಲ್‌ಗೇ ಕೊಡಬೇಕಿತ್ತು. ಉದಾರೀಕರಣದ ಗಾಳಿಯಲ್ಲಿ ಆ ಕಟ್ಟು ಸಡಿಲಗೊಂಡು, 1996ರ ಹೊತ್ತಿಗೆ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಾದ. ಲೋಕದ ಮಾರುಕಟ್ಟೆಯ ಏರಿಳಿತವೂ ನೇರವಾಗಿ ತೋಟಕ್ಕೆ ಬಂತು. 2000ದ ಆಸುಪಾಸಿನ ಬೆಲೆ ಕುಸಿತದಲ್ಲಿ ಕೂಲಿ ಕೊಡುವುದೇ ಕಷ್ಟವಾಯಿತು. ಬೆಲೆ ಚೇತರಿಸಿಕೊಂಡಾಗ ಕೊಯ್ಲಿಗೆ ಸ್ಥಳೀಯರು ಸಾಲದಾದರು. ಅರೇಬಿಕಾ ಹಣ್ಣಾಗುವ ನವೆಂಬರ್‌ನಿಂದ ರೋಬಸ್ಟಾ ಮುಗಿಯುವ ತನಕ ತೋಟದ ಕೂಲಿಯವರ ಲೈನ್ ಮನೆಗಳು ಅಸ್ಸಾಮಿನವರಿಂದ ತುಂಬುತ್ತವೆ. ಕೆಲಸದವರನ್ನು ಕರೆತರುವವನು ಮೇಸ್ತ್ರಿ, ಅವನ ಹಗ್ಗ ಮುಂಗಡ. ಹಗಲೆಲ್ಲ ಬಿಡಿಸಿದ ಹಣ್ಣು ಸಂಜೆ ತಕ್ಕಡಿಗೇರುತ್ತದೆ. ಚೀಲದ ತೂಕಕ್ಕೆ ಎಷ್ಟು ಕಳೆಯಬೇಕೆಂಬ ಜಗಳಕ್ಕೆ ಭಾಷೆ ಬರಬೇಕೆಂದೇನೂ ಇಲ್ಲ.

ಐದು ಅಥವಾ ಹೆಚ್ಚು ಮಂದಿಯನ್ನು ಹೊರರಾಜ್ಯದಿಂದ ತರುವ ಗುತ್ತಿಗೆದಾರ ಪರವಾನಗಿ ಪಡೆಯಬೇಕೆಂದು 1979ರ ಕಾಯ್ದೆಯೇ ಹೇಳಿತ್ತು. ಬಾಯಿಮಾತಿನಲ್ಲೇ ಕೂಲಿ ಗೊತ್ತಾಗುವ ಕಡೆ ಅಂಥ ಕಾಗದಕ್ಕೆ ಬೆಲೆ ಕಡಿಮೆ. ಈಚೆಗೆ ಪಡಿತರ ಚೀಟಿ ದೇಶದ ಯಾವ ಮೂಲೆಯಲ್ಲಾದರೂ ನಡೆಯುತ್ತದೆ. ವೋಟು ಮಾತ್ರ ಹೆಸರಿರುವ ಊರಿನಲ್ಲೇ. ಚುನಾವಣೆ ಬಂದರೆ ಬೆಂಗಳೂರಿನ ಹುಡುಗ ರಾತ್ರಿ ಬಸ್ಸು ಹತ್ತಿ ಬೇಲೂರಿಗೆ ಬಂದಾನು, ಅಸ್ಸಾಮಿನವನಿಗೆ ಆ ದಾರಿ ಹಲವು ದಿನದ ಕೂಲಿ ನುಂಗುತ್ತದೆ.