ಅಂಕಸಮುದ್ರ: ಮಣ್ಣಿನ ಏರಿಯ ಹಿಂದಿನ ಪಕ್ಷಿಲೋಕ

ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿರುವ ಅಂಕಸಮುದ್ರ ಕೆರೆಯು ಕೃಷಿಗೆಂದು ಶತಮಾನಗಳ ಹಿಂದೆ ಕಟ್ಟಿದ ನೀರಾಸರೆ. ದೊಡ್ಡ ಕೆರೆಗಳಿಗೆ ಸಮುದ್ರ, ಸಾಗರ ಎಂದು ಹೆಸರಿಡುವುದು ಕನ್ನಡ ನಾಡಿನ ಹಳೆಯ ರೂಢಿ. ಆದರೆ ಈ 'ಸಮುದ್ರ'ದ ವಿಸ್ತೀರ್ಣ 98.76 ಹೆಕ್ಟೇರ್, ಅಂದರೆ ಸುಮಾರು 244 ಎಕರೆ ಮಾತ್ರ. ಊರಿನ ಹೊಲಗಳಿಗೆಂದು ಕಟ್ಟಿದ ಈ ಕೆರೆಯನ್ನು ಸರ್ಕಾರ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. 2024ರ ಜನವರಿ 31ರಂದು ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆಯೊಂದಿಗೆ ಇದು ರಾಮ್ಸಾರ್ ಪಟ್ಟಿಗೆ ಸೇರಿದ್ದನ್ನು ಪ್ರಕಟಿಸಲಾಯಿತು.

ರಾಮ್ಸಾರ್ ದಾಖಲೆಯ ಪ್ರಕಾರ ಇಲ್ಲಿ 240ಕ್ಕೂ ಹೆಚ್ಚು ಜಾತಿಯ ಪಕ್ಷಿಗಳು ಹಾಗೂ 41 ಜಾತಿಯ ಮೀನುಗಳಿವೆ. ಮೂವತ್ತು ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ಇಲ್ಲಿ ಗೂಡು ಕಟ್ಟುತ್ತವೆ, ತಂಗುತ್ತವೆ. ಬಣ್ಣದ ಕೊಕ್ಕರೆ ಮತ್ತು ಕರಿತಲೆಯ ಕೆಂಬರಲುಗಳ ಪ್ರಾದೇಶಿಕ ಸಂಖ್ಯೆಯ ಶೇಕಡಾ 1ಕ್ಕಿಂತ ಹೆಚ್ಚಿನ ಪಾಲು ಇಲ್ಲಿಯೇ ಇದೆ.

ಇಷ್ಟೊಂದು ಹಕ್ಕಿಗಳನ್ನು ಸೆಳೆದಿರುವುದು ಕೆರೆಯ ಅಂಗಳದಲ್ಲಿರುವ ಕರಿಜಾಲಿ ಮರಗಳು. ನೀರು ಸುತ್ತುವರಿದ ಮುಳ್ಳುಮರದ ಮೇಲಿನ ಗೂಡಿಗೆ ನೆಲದ ಮೇಲೆ ಓಡಾಡುವ ಬೇಟೆಗಾರ ಪ್ರಾಣಿಗಳು ಸುಲಭವಾಗಿ ತಲುಪಲಾರವು. ನೀರು ಬತ್ತಿದರೆ ಈ ರಕ್ಷಣೆಯೂ ಮರಿಗಳ ಆಹಾರವಾದ ಮೀನೂ ಒಟ್ಟಿಗೇ ಕೈತಪ್ಪುತ್ತವೆ. ಹಾಗೆಂದು ನೀರು ಸದಾ ತುಂಬಿರುವುದೂ ಒಳಿತಲ್ಲ. ಬಣ್ಣದ ಕೊಕ್ಕರೆ ಆಳವಿಲ್ಲದ ನೀರಿನಲ್ಲಿ ನಡೆದಾಡುತ್ತ, ಅರೆತೆರೆದ ಕೊಕ್ಕಿಗೆ ತಗುಲಿದ ಮೀನನ್ನು ಹಿಡಿಯುತ್ತದೆ. ಆಳ ಹೆಚ್ಚಿದಷ್ಟೂ ಅದಕ್ಕೆ ಮೇವಿನ ಜಾಗ ಕಡಿಮೆ. ಕರಿಜಾಲಿಯೂ ಕೆಲಕಾಲ ನೀರನ್ನು ತಾಳಿಕೊಳ್ಳಬಲ್ಲುದಾದರೂ ವರ್ಷಗಟ್ಟಲೆ ಬುಡ ಮುಳುಗಿದರೆ ಒಣಗುತ್ತದೆ. ಹೊಸ ಸಸಿ ಏಳಲು ನೆಲ ಬಯಲಾಗಲೇಬೇಕು. ಒಣಗಿದ ಮರಗಳು ಕೆಲವು ವರ್ಷ ಗೂಡುಗಳನ್ನು ಹೊತ್ತು ನಿಲ್ಲುತ್ತವೆ, ಆಮೇಲೆ ಉರುಳುತ್ತವೆ. ಒಂದು ಗೇಣು ನೀರಿನ ಏರಿಳಿತವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ನೀರಿನ ಈ ಮಟ್ಟವನ್ನು ಕಾಯುವುದು ಏರಿ, ತೂಬು ಮತ್ತು ಕೋಡಿ. ಮಣ್ಣಿನ ಏರಿಯ ಶತ್ರುಗಳು ಸಣ್ಣವು: ಏಡಿ ಇಲಿಗಳು ಕೊರೆದ ಬಿಲ, ಮಣ್ಣಿನೊಳಗೆ ಕೊಳೆತ ಬೇರು. ಅವುಗಳ ಮೂಲಕ ಜಿನುಗುವ ನೀರು ಮಣ್ಣನ್ನು ಒಳಗಿನಿಂದಲೇ ಕೊಚ್ಚಿಕೊಂಡು ಹೋಗುತ್ತದೆ. ಆದ್ದರಿಂದ ಅಂಗಳದಲ್ಲಿ ಬೇಕಾದ ಮರ ಏರಿಯ ಮೇಲೆ ಬೇಡ. ಕೋಡಿಯಲ್ಲಿ ಕಸ ಕಟ್ಟಿ ನೀರು ಏರಿಯನ್ನೇ ಹಾದುಹೋದರಂತೂ ಕೆಲವೇ ಗಂಟೆಗಳಲ್ಲಿ ಕೆರೆ ಒಡೆಯಬಹುದು.

ಹೂಳೆತ್ತುವ ಕೆಲಸ ಇನ್ನಷ್ಟು ನಾಜೂಕಿನದು. ಉಳಿದ ಕೆರೆಗಳಲ್ಲಿ ಯಂತ್ರವಿಳಿಸಿ ಅಂಗಳವನ್ನೆಲ್ಲ ಬಗೆಯುವುದೇ ಅಭಿವೃದ್ಧಿ ಎನಿಸಿಕೊಂಡಿದೆ. ಇಲ್ಲಿ ಹಾಗೆ ಮಾಡಿದರೆ ಮರಗಳೂ, ಕೊಕ್ಕರೆ ನಡೆದಾಡುವ ತೆಳುನೀರಿನ ಅಂಚೂ ಹೋಗುತ್ತವೆ. ಮರಗಳಿಲ್ಲದ ಮಾಗಡಿ ಕೆರೆಯ ಮಾತು ಬೇರೆ. ಚಳಿಗಾಲದಲ್ಲಿ ಅಲ್ಲಿಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳಿಗೆ ಬೇಕಾದುದು ಬಯಲು ನೀರು ಮತ್ತು ಸುತ್ತಲಿನ ಹೊಲಗಳು.

ಸಂರಕ್ಷಣಾ ಮೀಸಲು ಎಂಬ ವ್ಯವಸ್ಥೆಯು ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಿಂದ ಬಂದುದು. ಘೋಷಣೆಗೆ ಮುನ್ನ ಸ್ಥಳೀಯರೊಂದಿಗೆ ಸಮಾಲೋಚನೆ ಕಡ್ಡಾಯ. ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಬೇಕು. ಮಳೆ ಕೈಕೊಟ್ಟ ವರ್ಷ ಉಳಿದ ನೀರು ಗದ್ದೆಗೋ ಗೂಡಿಗೋ ಎಂಬ ಪ್ರಶ್ನೆ ಎದ್ದಾಗ ಊರಿನ ಪರವಾಗಿ ಮಾತನಾಡಲು ಅಲ್ಲಿರುವುದು ಆ ಒಂದು ಕುರ್ಚಿ.